ಹೆದರಿದವರನ್ನು ಮನೆಗೆ ಕಳಿಸಿದ ದಂಡನಾಯಕ



ಭಾನುವಾರ ಚರ್ಚಿಗೆ ಹೋಗುವ ಮಕ್ಕಳನ್ನು ಗಿದ್ಯೋನ ಯಾರು ಅಂತ ಕೇಳಿ ನೋಡಿ. "ಮುನ್ನೂರು ಜನ ಇಟ್ಕೊಂಡು ಯುದ್ಧ ಗೆದ್ದೋನು ಸಾರ್" ಅಂತ ಥಟ್ಟನೆ ಹೇಳುತ್ತಾರೆ. ಉತ್ತರವೇನೋ ಸರಿ. ನಂಬಿಕೆ, ಧೈರ್ಯ, ನಾಯಕತ್ವ ಅಂತ ವೇದಿಕೆ ಮೇಲೆ ಮಾತಾಡುವ ದೊಡ್ಡವರೂ ಈ ಮುನ್ನೂರರ ಹತ್ತಿರವೇ ನಿಂತುಬಿಡುತ್ತಾರೆ. ಸಂಖ್ಯೆ ಮುಖ್ಯವಲ್ಲ, ಗುಣ ಮುಖ್ಯ ಅನ್ನೋದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಎಲ್ಲಿ ಸಿಕ್ಕೀತು! ಆದರೆ ಈ ಕಥೆಯಲ್ಲಿ ನನ್ನನ್ನು ಕಾಡುವವರು ಆ ಮುನ್ನೂರು ಜನ ಅಲ್ಲ. ಯುದ್ಧಕ್ಕೆ ಮೊದಲೇ ಮನೆಗೆ ಹೋದ 22,000 ಜನ.

ಗೊತ್ತಿಲ್ಲದವರಿಗಾಗಿ ಕಥೆ ಸ್ವಲ್ಪ ಹೇಳಿಬಿಡುತ್ತೇನೆ. ಬೈಬಲ್ಲಿನ ಹಳೆಯ ಒಡಂಬಡಿಕೆಯಲ್ಲಿ 'ನ್ಯಾಯಸ್ಥಾಪಕರು' ಅಂತ ಒಂದು ಪುಸ್ತಕ ಇದೆ. ಅದರ 6ರಿಂದ 8ನೇ ಅಧ್ಯಾಯದವರೆಗೆ ಗಿದ್ಯೋನನ ವಿಷಯ. (ಅಂದಹಾಗೆ, ಇಡೀ ಬೈಬಲ್ ಕನ್ನಡದಲ್ಲಿ ಮೊದಲು ಅಚ್ಚಾದದ್ದು 1831ರಲ್ಲಿ, ನಮ್ಮ ಪಕ್ಕದ ಬಳ್ಳಾರಿಯಲ್ಲಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅದರ ಹಿಂದೆ ದುಡಿದವರು. ಆಗ ಆದೋನಿ ಕೂಡ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಗಡಿಗೆರೆ ನಡುವೆ ಬಂದದ್ದು 1953ರಲ್ಲಿ.)

ಇಸ್ರಾಯೇಲ್ಯರ ಮೇಲೆ ಮಿದ್ಯಾನ್ಯರ ಕಾಟ ಏಳು ವರ್ಷ ನಡೆದಿತ್ತು. ಇವರು ಬಿತ್ತುವುದು, ಪೈರು ಬಂದ ಹೊತ್ತಿಗೆ ಅವರು ಒಂಟೆಗಳ ದಂಡು ಕಟ್ಟಿಕೊಂಡು ಮಿಡತೆಗಳ ಹಾಗೆ ಬಂದು ಮೇಯಿಸಿಕೊಂಡು ಹೋಗುವುದು. ಜನ ಗುಡ್ಡದ ಗವಿಗಳಲ್ಲಿ ಅಡಗಿ ಕೂತಿದ್ದರು. ಗಿದ್ಯೋನ ನಮಗೆ ಮೊದಲು ಕಾಣಿಸುವುದು ಇಂಥ ಹೊತ್ತಿನಲ್ಲಿ. ಅವನು ಗೋದಿ ಬಡಿಯುತ್ತಿದ್ದಾನೆ. ಎಲ್ಲಿ ಗೊತ್ತೇ? ದ್ರಾಕ್ಷಿ ತುಳಿಯುವ ತೊಟ್ಟಿಯಲ್ಲಿ! ಒಕ್ಕಲುತನ ಬಲ್ಲವರಿಗೆ ಇದರಲ್ಲೇ ಅರ್ಧ ಕಥೆ ತಿಳಿದುಹೋಗುತ್ತದೆ. ಕಣ ಅಂದರೆ ಗಾಳಿ ಬೀಸುವ ಬಯಲಲ್ಲಿ ಇರಬೇಕು, ಇಲ್ಲದಿದ್ದರೆ ಕಾಳು ತೂರೋದು ಹೇಗೆ? ತಗ್ಗಿನೊಳಗೆ ಕೂತು ಗೋದಿ ಬಡಿಯುವವನು ಕಳ್ಳರಿಗೆ ಕಾಣಿಸದ ಹಾಗೆ ಬಡಿಯುತ್ತಿದ್ದಾನೆ ಅಂತಲೇ ಅರ್ಥ.

ದೇವದೂತ ಬಂದು ಇವನನ್ನೇ ಪರಾಕ್ರಮಿ ಅಂತ ಕರೆಯುತ್ತಾನೆ. ಗಿದ್ಯೋನ ಕೈಮುಗಿದು ಒಪ್ಪಿಕೊಳ್ಳುವುದಿಲ್ಲ. ದೇವರು ನಮ್ಮ ಜೊತೆ ಇದ್ದರೆ ನಮಗೆ ಈ ಗತಿ ಯಾಕೆ ಬಂತು ಅಂತ ಎದುರು ಪ್ರಶ್ನೆ ಹಾಕುತ್ತಾನೆ. ಮನಸ್ಸೆ ಕುಲದಲ್ಲಿ ನನ್ನ ಮನೆತನವೇ ಬಡವು, ಆ ಮನೆಯಲ್ಲಿ ನಾನೇ ಚಿಕ್ಕವನು ಅಂತ ನುಣುಚಿಕೊಳ್ಳಲೂ ನೋಡುತ್ತಾನೆ. ಊರಿನ ಬಾಳನ ಬಲಿಪೀಠ ಕೆಡವಬೇಕು ಅಂದಾಗ ಹತ್ತು ಆಳುಗಳನ್ನು ಕರೆದುಕೊಂಡು ಹೋಗಿ ಕೆಡವಿದ, ಆದರೆ ರಾತ್ರಿ ಹೊತ್ತು! ಮನೆಯವರಿಗೂ ಊರವರಿಗೂ ಹೆದರಿ ಹೀಗೆ ಮಾಡಿದ ಅಂತ ಪುಸ್ತಕವೇ ಬಿಚ್ಚಿ ಹೇಳುತ್ತದೆ. ಬೆಳಗಾದ ಮೇಲೆ ಊರವರು ಅವನನ್ನು ಕೊಲ್ಲಲು ಬಂದಾಗ ಅಪ್ಪ ಯೋವಾಷ ಅಡ್ಡ ನಿಂತು ಉಳಿಸಿದ.

ಆಮೇಲೆ ಕುರಿ ತುಪ್ಪಟದ ಪರೀಕ್ಷೆ. ಕಣದಲ್ಲಿ ತುಪ್ಪಟ ಇಡುತ್ತೇನೆ, ಇಬ್ಬನಿ ಅದರ ಮೇಲಷ್ಟೇ ಬೀಳಲಿ, ನೆಲ ಒಣಗಿರಲಿ ಅಂದ. ಹಾಗೇ ಆಯಿತು. ಮಾರನೇ ದಿನ ನೆಲ ತೋಯಲಿ, ತುಪ್ಪಟ ಒಣಗಿರಲಿ ಅಂದ. ಅದೂ ಆಯಿತು. ಎರಡು ಸಲ ಸಾಕ್ಷಿ ಕೇಳಿದ್ದಕ್ಕೆ ಕೆಲವು ಬೋಧಕರು ಗಿದ್ಯೋನನಿಗೆ ನಂಬಿಕೆ ಕಡಿಮೆ ಅಂತ ಅಂಕ ಕಳೆಯುತ್ತಾರೆ. ನನಗೇನೋ ಅದು ಸರಿ ಕಾಣುವುದಿಲ್ಲ. ಲೆಕ್ಕ ಅರ್ಥವಾಗದ ಹುಡುಗ ಇನ್ನೊಂದು ಸಲ ಹೇಳಿ ಸಾರ್ ಅಂದರೆ ಅವನಿಗೆ ಮೇಷ್ಟರ ಮೇಲೆ ನಂಬಿಕೆ ಇಲ್ಲ ಅಂತಲೇ? ನಂಬಿಕೆ ಇರುವುದಕ್ಕೇ ಅಲ್ಲವೇ ಮತ್ತೆ ಕೇಳುವುದು.

ಇರಲಿ, ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ.

ಗಿದ್ಯೋನ ಕೊಂಬು ಊದಿಸಿ, ಮನಸ್ಸೆ, ಆಶೇರ್, ಜೆಬುಲೂನ್, ನಫ್ತಾಲಿ ಕುಲಗಳಿಗೆ ಆಳು ಕಳಿಸಿ 32,000 ಜನರನ್ನು ಕೂಡಿಸಿದ. ಹರೋದ್ ಎಂಬ ಬುಗ್ಗೆಯ ಹತ್ತಿರ ದಂಡು ಇಳಿಯಿತು. ಆ ಹೆಸರಿಗೆ ಹೀಬ್ರೂ ಭಾಷೆಯಲ್ಲಿ ನಡುಕ ಅನ್ನುವ ಮಾತಿನ ನಂಟಿದೆ. ಕಣಿವೆಯ ಆಚೆ ಮಿದ್ಯಾನ್ಯರು ಮತ್ತು ಅವರ ಜೊತೆಗಾರರು. ಪುಸ್ತಕ ಮುಂದೆ ಕೊಡುವ ಲೆಕ್ಕ ಕೂಡಿಸಿದರೆ ಅವರು 1,35,000. ಒಬ್ಬನಿಗೆ ನಾಲ್ವರು ಎದುರಾಳಿಗಳು. ಆಗ ದೇವರ ಅಪ್ಪಣೆ ಬರುತ್ತದೆ: ನಿನ್ನ ಜನ ಹೆಚ್ಚಾಯಿತು, ಹೆದರಿ ನಡುಗುವವರು ವಾಪಸ್ ಹೋಗಲಿ ಅಂತ ಸಾರು. ಗಿದ್ಯೋನ ಸಾರಿದ. 22,000 ಜನ ಎದ್ದು ಹೋದರು.

ಮೂವರಲ್ಲಿ ಇಬ್ಬರು! ಯಾವ ಸೇನಾಪತಿಯ ಎದೆ ಧಸಕ್ಕೆನ್ನುವುದಿಲ್ಲ ಹೇಳಿ. ಆದರೂ ಹೋಗುವವರಿಗೆ ಒಂದು ಬೈಗುಳವಿಲ್ಲ, ಶಾಪವಿಲ್ಲ. ಹೇಡಿಗಳು ಅಂತ ಯಾರೂ ಬೆನ್ನಿಗೆ ಕೂಗಲಿಲ್ಲ, ಹೆಸರು ಬರೆದುಕೊಳ್ಳಲಿಲ್ಲ. ಇದು ಗಿದ್ಯೋನ ಹೊಸದಾಗಿ ತಂದ ಪದ್ಧತಿಯೂ ಅಲ್ಲ. ಧರ್ಮೋಪದೇಶಕಾಂಡದ 20ನೇ ಅಧ್ಯಾಯದಲ್ಲಿ ಯುದ್ಧದ ನಿಯಮಗಳಿವೆ. ಹೊಸ ಮನೆ ಕಟ್ಟಿ ಒಕ್ಕಲಾಗದವನು, ದ್ರಾಕ್ಷಿ ತೋಟ ಹಾಕಿ ಫಲ ತಿನ್ನದವನು, ನಿಶ್ಚಯವಾಗಿ ಮದುವೆ ಆಗದವನು ಮನೆಗೆ ಹೋಗಬಹುದು. ಕೊನೆಯಲ್ಲಿ, ಹೆದರಿದವನೂ ಹೋಗಬಹುದು. ಅವನ ಹೆದರಿಕೆ ಉಳಿದವರಿಗೆ ಹತ್ತಬಾರದು ಅನ್ನುವ ಲೆಕ್ಕಾಚಾರ ಅದರಲ್ಲಿ ಇದೆ, ನಿಜ. ಆದರೆ ಹೊಸ ಮನೆ, ಹೊಸ ಮದುವೆ ಇದ್ದ ಪಟ್ಟಿಯಲ್ಲೇ ಹೆದರಿಕೆಗೂ ಒಂದು ಜಾಗ ಕೊಟ್ಟಿದ್ದಾರಲ್ಲ, ಅದು ಸಣ್ಣ ಮಾತಲ್ಲ.

ಉಳಿದ 10,000 ಜನರಲ್ಲಿ ಮುನ್ನೂರು ಜನರನ್ನು ಆರಿಸಿದ್ದು ನೀರು ಕುಡಿಯುವ ರೀತಿ ನೋಡಿ. ಮೊಣಕಾಲೂರಿ ಕುಡಿದವರು ಹೊರಗೆ, ಕೈಯಲ್ಲಿ ಎತ್ತಿಕೊಂಡು ನಾಯಿಯ ಹಾಗೆ ನೆಕ್ಕಿದವರು ಒಳಗೆ. ಹೀಗೆ ಕುಡಿದವರು ಎಚ್ಚರಗಾರರು, ಶತ್ರುವಿನ ಮೇಲೆ ಕಣ್ಣಿಟ್ಟವರು ಅಂತ ಎಲ್ಲರೂ ವಿವರಿಸುತ್ತಾರೆ. ಪುಸ್ತಕದಲ್ಲಿ ಹಾಗೇನೂ ಇಲ್ಲ. ಜನ ಹೆಚ್ಚಿದ್ದರೆ ನಮ್ಮ ಕೈಯಿಂದಲೇ ಗೆದ್ದೆವು ಅಂತ ಜಂಬ ಕೊಚ್ಚಿಕೊಳ್ಳುತ್ತಾರೆ, ಅದಕ್ಕೇ ಕಡಿಮೆ ಮಾಡು ಅನ್ನುವ ಕಾರಣ ಮಾತ್ರ ಇದೆ. ಇನ್ನೂ ಸ್ವಾರಸ್ಯ ಕೇಳಿ. ಕ್ರಿ.ಶ. ಒಂದನೇ ಶತಮಾನದ ಯೆಹೂದಿ ಇತಿಹಾಸಕಾರ ಜೋಸೀಫಸ್ ಇದನ್ನು ಪೂರ್ತಿ ತಿರುಗಿಸಿ ಹೇಳುತ್ತಾನೆ. ಅವನ ಪ್ರಕಾರ ಮೊಣಕಾಲೂರಿ ಸಮಾಧಾನವಾಗಿ ಕುಡಿದವರೇ ಧೈರ್ಯವಂತರು. ಕೈಯಲ್ಲಿ ಎತ್ತಿ ಗಡಿಬಿಡಿಯಲ್ಲಿ ಕುಡಿದ ಮುನ್ನೂರು ಜನ ಶತ್ರುಗಳಿಗೆ ಹೆದರಿದ್ದವರು. ದೇವರು ಆರಿಸಿದ್ದು ಅವರನ್ನೇ! ಹೀಗೂ ಓದಿದವರು ಹಿಂದಿನ ಕಾಲದಲ್ಲೇ ಇದ್ದರು ಅಂತ ತಿಳಿದರೆ, ಮುನ್ನೂರು ಜನ ಉಕ್ಕಿನ ಮನುಷ್ಯರು ಅನ್ನುವ ಭಾಷಣಗಳು ಸ್ವಲ್ಪ ಸದ್ದು ತಗ್ಗಿಸಿಯಾವು.

ಅವತ್ತಿನ ರಾತ್ರಿ ಇನ್ನೊಂದು ಸಂಗತಿ ನಡೆಯಿತು. ಶತ್ರುಗಳ ಪಾಳೆಯಕ್ಕೆ ನುಗ್ಗು, ನಿನಗೆ ಹೆದರಿಕೆ ಇದ್ದರೆ ಮೊದಲು ನಿನ್ನ ಆಳು ಪುರಾನನ್ನು ಕರೆದುಕೊಂಡು ಹೋಗಿ ಅವರ ಮಾತು ಕೇಳಿಸಿಕೊಂಡು ಬಾ ಅಂತ ದೇವರು ಹೇಳುತ್ತಾನೆ. ಗಿದ್ಯೋನ ಏನು ಮಾಡಿದ? ಪುರಾನನ್ನು ಕರೆದುಕೊಂಡು ಹೋದ! ನನಗೆ ಹೆದರಿಕೆ ಇದೆ ಅಂತ ಅವನು ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ಬೆಳಗ್ಗೆ ತಾನು ಮನೆಗೆ ಕಳಿಸಿದ 22,000 ಜನರಿಗೂ ತನಗೂ ಎಷ್ಟು ವ್ಯತ್ಯಾಸ ಅನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಪಾಳೆಯದಲ್ಲಿ ಒಬ್ಬ ತನಗೆ ಬಿದ್ದ ಕನಸು ಹೇಳುತ್ತಿದ್ದ: ಜವೆಗೋದಿ ರೊಟ್ಟಿಯೊಂದು ಉರುಳಿಕೊಂಡು ಬಂದು ಡೇರೆಗೆ ಬಡಿದು ಅದನ್ನು ಮಗುಚಿ ಹಾಕಿತಂತೆ. ಇದು ಗಿದ್ಯೋನನ ಕತ್ತಿಯೇ ಅಂತ ಜೊತೆಯವನು ಅರ್ಥ ಹೇಳಿ ನಡುಗಿದ. ಆ ಕಡೆಯವರಿಗೂ ಹೆದರಿಕೆ ಇದೆ ಅಂತ ಗಿದ್ಯೋನನಿಗೆ ತಿಳಿದದ್ದು ಆಗಲೇ.

ಮುಂದಿನದು ಎಲ್ಲರಿಗೂ ಗೊತ್ತು. ನೂರು ನೂರು ಜನರ ಮೂರು ಗುಂಪು, ಕೊಂಬುಗಳು, ಮಣ್ಣಿನ ಗಡಿಗೆಯೊಳಗೆ ಬಚ್ಚಿಟ್ಟ ಪಂಜುಗಳು. ನಡುರಾತ್ರಿ ಗಡಿಗೆ ಒಡೆದು, ಪಂಜು ಎತ್ತಿ, ಕೊಂಬು ಊದಿ ಕೂಗಿದರು. ಶತ್ರುಗಳು ಕತ್ತಲಲ್ಲಿ ತಮ್ಮತಮ್ಮವರನ್ನೇ ಕಡಿದುಕೊಂಡು ಓಡಿದರು. ಸೇನೆಯವರಿಗೆ ಈ ಭಾಗ ಬಹಳ ಇಷ್ಟ. 1941ರಲ್ಲಿ ಇಥಿಯೋಪಿಯಾದಲ್ಲಿ ಇಟಲಿಯ ದೊಡ್ಡ ಸೈನ್ಯದ ಮೇಲೆ ಸಣ್ಣ ಪಡೆ ಕಟ್ಟಿಕೊಂಡು ಹೋದ ಬ್ರಿಟಿಷ್ ಅಧಿಕಾರಿ ಆರ್ಡ್ ವಿಂಗೇಟ್ ತನ್ನ ಪಡೆಗೆ ಗಿದ್ಯೋನನ ಹೆಸರನ್ನೇ ಇಟ್ಟಿದ್ದ.

ಯಾರೂ ಗಮನಿಸದ ಮಾತು ಇದರ ಮುಂದಿನ ಸಾಲಿನಲ್ಲಿ ಇದೆ. ಓಡುವ ಶತ್ರುಗಳನ್ನು ಬೆನ್ನಟ್ಟಲು ನಫ್ತಾಲಿ, ಆಶೇರ್, ಮನಸ್ಸೆಯ ಜನ ಕೂಡಿ ಬಂದರು. ಯಾರಿವರು? ಮೊದಲು ಕರೆಸಿದ್ದ ಕುಲಗಳವರೇ. ಅಂದರೆ ಹರೋದಿನ ಬುಗ್ಗೆಯಿಂದ ಮನೆ ದಾರಿ ಹಿಡಿದಿದ್ದವರಲ್ಲಿ ಎಷ್ಟೋ ಜನ ತಿರುಗಿ ಬಂದಿರಬೇಕು. ಹೋಗುವಾಗ ಅವರ ಮುಖಕ್ಕೆ ಮಸಿ ಬಳಿದಿದ್ದರೆ ಬರುತ್ತಿದ್ದರೇ?

ಈ ಮಾತು ನಮ್ಮ ಕನ್ನಡ ಶಾಲೆಗಳವರು ಕೇಳಬೇಕಾದದ್ದು. ಪ್ರತಿ ಜೂನ್ ತಿಂಗಳು ಟಿ.ಸಿ. ಕೇಳಿಕೊಂಡು ತಂದೆ ತಾಯಿ ಬರುತ್ತಾರೆ. ಮಗುವನ್ನು ಇಂಗ್ಲಿಷ್ ಮೀಡಿಯಂಗೆ ಹಾಕಬೇಕು, ಇಲ್ಲವೇ ತೆಲುಗು ಮೀಡಿಯಂಗೆ. ನಾವು ಸ್ಟಾಫ್ ರೂಮಿನಲ್ಲಿ ಕೂತು ಇಂಗ್ಲಿಷ್ ವ್ಯಾಮೋಹ, ಮಾತೃಭಾಷಾ ದ್ರೋಹ ಅಂತ ದೊಡ್ಡ ದೊಡ್ಡ ಮಾತು ಆಡುತ್ತೇವೆ. ನನಗೆ ಅದು ವ್ಯಾಮೋಹ ಅಂತ ಅನ್ನಿಸುವುದಿಲ್ಲ, ಹೆದರಿಕೆ. ಕಾಲೇಜಿನಲ್ಲಿ ಮುಂದೆ ಏನು, ಈ ರಾಜ್ಯದಲ್ಲಿ ಕೆಲಸ ಯಾರು ಕೊಡುತ್ತಾರೆ, ಆ ರಾಜ್ಯದವರು ನಮ್ಮನ್ನು ತಮ್ಮವರು ಅಂತಾರೋ ಇಲ್ಲವೋ ಅನ್ನುವ ಹೆದರಿಕೆ. ಅದು ಸುಳ್ಳು ಹೆದರಿಕೆ ಅಂತ ಎದೆ ಮುಟ್ಟಿಕೊಂಡು ಹೇಳುವ ಮೇಷ್ಟರು ನಮ್ಮಲ್ಲಿ ಎಷ್ಟು ಜನ ಇದ್ದೇವೆ? ಟಿ.ಸಿ. ಕೊಡುವಾಗ ನಾಲ್ಕು ಚುಚ್ಚು ಮಾತು ಸೇರಿಸಿ ಕೊಟ್ಟರೆ ಆ ಮನೆಯವರು ನವೆಂಬರಿನ ರಾಜ್ಯೋತ್ಸವಕ್ಕೂ ಶಾಲೆ ಕಡೆ ತಲೆಹಾಕುವುದಿಲ್ಲ, ಅವರ ಎರಡನೇ ಮಗು ಕೂಡ ಬರುವುದಿಲ್ಲ. ಹೋಗಿ ಬಾ ತಂಗಿ, ಕನ್ನಡ ಪುಸ್ತಕ ಬೇಕಾದಾಗ ಲೈಬ್ರರಿಗೆ ಬಾ ಅಂದರೆ ಕೆಲವರಾದರೂ ಬರುತ್ತಾರೆ.

ಗಿದ್ಯೋನನ ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಭಾಷಣಗಳಲ್ಲಿ ಇಲ್ಲಿಗೇ ಮುಗಿಸುತ್ತಾರೆ ಕೂಡ. ಆದರೆ 8ನೇ ಅಧ್ಯಾಯ ಇದೆಯಲ್ಲ!

ಅದರ ಶುರು ಚೆನ್ನಾಗೇ ಇದೆ. ನಮ್ಮನ್ನು ಮೊದಲೇ ಯಾಕೆ ಕರೆಯಲಿಲ್ಲ ಅಂತ ಎಫ್ರಾಯೀಮಿನವರು ಜಗಳಕ್ಕೆ ನಿಂತಾಗ, ನಿಮ್ಮ ಹಕ್ಕಲು ದ್ರಾಕ್ಷಿ ನಮ್ಮ ಇಡೀ ಸುಗ್ಗಿಗಿಂತ ಹೆಚ್ಚು ಅಂತ ಗಿದ್ಯೋನ ಮೆತ್ತಗೆ ಹೇಳಿ ಸಿಟ್ಟು ಇಳಿಸಿದ. ಆಮೇಲೆ ಮುನ್ನೂರು ಜನರ ಜೊತೆ ಯೊರ್ದನ್ ಹೊಳೆ ದಾಟಿ, ದಣಿದು, ಸುಕ್ಕೋತ್ ಊರಿನವರನ್ನು ರೊಟ್ಟಿ ಕೇಳಿದ. ಮಿದ್ಯಾನ್ಯರ ರಾಜರಾದ ಜೇಬಹ, ಚಲ್ಮುನ್ನ ನಿನ್ನ ಕೈಗೆ ಸಿಕ್ಕಿದ್ದಾರೆಯೇ ಅಂತ ಅವರು ಕೊಡದೆ ಹೋದರು. ಕೊಂಕು ಮಾತು, ನಿಜ. ಆದರೆ ಆ ರಾಜರು ತಪ್ಪಿಸಿಕೊಂಡು ವಾಪಸ್ ಬಂದರೆ ಮೊದಲು ಸುಡುವುದು ರೊಟ್ಟಿ ಕೊಟ್ಟ ಊರನ್ನೇ ಅಲ್ಲವೇ? ಅವರೂ ಹೆದರಿದವರೇ. ಈ ಸಲ ಗಿದ್ಯೋನ ಬಿಡಲಿಲ್ಲ. ಗೆದ್ದು ಬಂದವನು ಸುಕ್ಕೋತಿನ ಒಬ್ಬ ಯುವಕನನ್ನು ಹಿಡಿದು ಊರಿನ ಹಿರಿಯರ ಹೆಸರು ಬರೆಸಿಕೊಂಡ. 77 ಹೆಸರು. ಕಾಡಿನ ಮುಳ್ಳು ತಂದು ಅವರಿಗೆ ಬುದ್ಧಿ ಕಲಿಸಿದ. ರೊಟ್ಟಿ ಕೊಡದ ಇನ್ನೊಂದು ಊರು ಪೆನೂವೇಲಿನ ಬುರುಜು ಕೆಡವಿ ಅಲ್ಲಿನ ಗಂಡಸರನ್ನು ಕೊಂದ. ತೊಟ್ಟಿಯಲ್ಲಿ ಕೂತು ಗೋದಿ ಬಡಿದ ದಿನಗಳನ್ನು ಮರೆತವನ ಕೆಲಸ ಇದು. ಹರೋದಿನಲ್ಲಿ ಬರೆಯದ ಪಟ್ಟಿಯನ್ನು ಸುಕ್ಕೋತಿನಲ್ಲಿ ಬರೆದ.

ಜನ ಬಂದು ನೀನೇ ಆಳು ಅಂದಾಗ ಒಲ್ಲೆ ಅಂದ, ದೇವರೇ ನಿಮ್ಮನ್ನು ಆಳುತ್ತಾನೆ ಅಂದ. ಅದು ದೊಡ್ಡತನ. ಆದರೆ ಅದೇ ಬಾಯಲ್ಲಿ ಲೂಟಿಯ ಓಲೆಗಳನ್ನು ಕೇಳಿದ. 1,700 ಶೆಕೆಲ್ ಚಿನ್ನ ಬಂತು, ಇವತ್ತಿನ ತೂಕದಲ್ಲಿ ಹೆಚ್ಚುಕಡಿಮೆ 19 ಕಿಲೋ. ಅದರಿಂದ ಏಫೋದು ಮಾಡಿಸಿ ಊರಲ್ಲಿ ಇಟ್ಟ, ಜನ ಅದನ್ನೇ ಪೂಜಿಸಲು ಹತ್ತಿದರು. ಅವನು ಸತ್ತ ಮೇಲೆ ಮಗ ಅಬೀಮೆಲೆಕ ಎಪ್ಪತ್ತು ಮಂದಿ ಅಣ್ಣತಮ್ಮಂದಿರ ಮೇಲೆ ಕೈಯೆತ್ತಿ ಒಂದೇ ಕಲ್ಲಿನ ಮೇಲೆ ಕೊಂದು ರಾಜನಾದ. ಉಳಿದವನು ಎಲ್ಲರಿಗಿಂತ ಚಿಕ್ಕವನು ಯೋತಾಮ, ಅಡಗಿ ಕೂತದ್ದರಿಂದ ಉಳಿದ. ಅಣ್ಣನ ಅನ್ಯಾಯವನ್ನು ಗುಡ್ಡದ ಮೇಲೆ ನಿಂತು ಊರಿಗೆ ಕೂಗಿ ಹೇಳಿದವನೂ ಅವನೇ.

ನಾನು ತರಗತಿಯಲ್ಲಿ ಈ ಕಥೆ ಹೇಳುವುದಾದರೆ ಮುನ್ನೂರರ ಹತ್ತಿರ ನಿಲ್ಲಿಸುವುದಿಲ್ಲ, 8ನೇ ಅಧ್ಯಾಯದ 20ನೇ ವಚನದವರೆಗೆ ಹೋಗುತ್ತೇನೆ. ಅಲ್ಲಿ ಯೆತೆರ ಅಂತ ಒಬ್ಬ ಹುಡುಗ ಇದ್ದಾನೆ, ಗಿದ್ಯೋನನ ಹಿರೀ ಮಗ. ತನ್ನ ಅಣ್ಣತಮ್ಮಂದಿರನ್ನು ಕೊಂದಿದ್ದ ಇಬ್ಬರು ರಾಜರನ್ನು ಕಟ್ಟಿ ನಿಲ್ಲಿಸಿ, ಎದ್ದು ಇವರನ್ನು ಕೊಲ್ಲು ಅಂತ ಗಿದ್ಯೋನ ಅವನಿಗೆ ಹೇಳುತ್ತಾನೆ. ಹುಡುಗ ಕತ್ತಿ ಹಿರಿಯಲಿಲ್ಲ, ಹೆದರಿದ, ಇನ್ನೂ ಎಳೆಯವನಾಗಿದ್ದ ಅಂತ ಬರೆದಿದೆ. ಹೆದರಿದವನು ಮನೆಗೆ ಹೋಗಬಹುದು ಅಂತ ಅವತ್ತು ಅವನಿಗೆ ಯಾರೂ ಸಾರಲಿಲ್ಲ. ಅವನ ಬಗ್ಗೆ ಪುಸ್ತಕದಲ್ಲಿ ಇರುವುದು ಇಷ್ಟೇ. ಅವನ ವಯಸ್ಸು ಎಷ್ಟು ಸಾರ್ ಅಂತ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬಂದೇ ಬರುತ್ತದೆ ನೋಡಿ.