ಮೂರನೆಯವರ ಕಿಲೋಮೀಟರು

24 ಗಂಟೆ ಹ್ಯಾಕಥಾನ್ ಮುಗಿಸಿ ಕೆಂಪು ಕಣ್ಣಿನ ಸೆಲ್ಫಿ ಹಾಕೋದ್ರಲ್ಲಿ ನಾವು ನಿಸ್ಸೀಮರು. ಅದೇ 24 ಗಂಟೆ ಓಡೋ ಸ್ಪರ್ಧೆಯೊಂದು ನಮ್ಮ ಬೆಂಗಳೂರಲ್ಲೇ ನಡೆದದ್ದು ಎಷ್ಟು ಜನಕ್ಕೆ ಗೊತ್ತು?

2022ರ ಜುಲೈ 2 ಮತ್ತು 3ರಂದು ಕಂಠೀರವ ಕ್ರೀಡಾಂಗಣದಲ್ಲಿ ಏಷ್ಯಾ–ಓಷಿಯಾನಿಯಾ 24 ಗಂಟೆ ಓಟದ ಚಾಂಪಿಯನ್‌ಷಿಪ್ ನಡೆಯಿತು. ನಿಯಮ ಸರಳ: 400 ಮೀಟರ್ ಟ್ರ್ಯಾಕ್, ಒಂದು ಹಗಲು, ಒಂದು ರಾತ್ರಿ. ಓಡಿ, ನಡೀರಿ, ಕೂತು ಊಟ ಮಾಡಿ, ಗಡಿಯಾರ ಮಾತ್ರ ನಿಲ್ಲಲ್ಲ. ಅಮರ್ ಸಿಂಗ್ ದೇವಂದಾ 257 ಕಿ.ಮೀ.ಗೂ ಹೆಚ್ಚು ಓಡಿ ಚಿನ್ನ ಗೆದ್ದರು. ಅಂದ್ರೆ 640ಕ್ಕೂ ಹೆಚ್ಚು ಸುತ್ತು. ನಮ್ಮೂರ ಲೆಕ್ಕದಲ್ಲಿ ಹೇಳೋದಾದ್ರೆ, ಬೆಂಗಳೂರಿಂದ ಮೈಸೂರು, ನಂಜನಗೂಡು ದಾಟಿ ಬದನವಾಳಿಗೆ ಬಂದು, ವಾಪಸ್ ಹೊರಟು ಹೆಚ್ಚುಕಮ್ಮಿ ಮಂಡ್ಯ ಮುಟ್ಟಿದಷ್ಟು!

ಆದ್ರೆ ನನಗೆ ಹಿಡಿಸಿದ್ದು ತಂಡದ ಲೆಕ್ಕ. ಒಂದು ದೇಶದ ಮೊದಲ ಮೂವರ ದೂರ ಕೂಡಿದ್ರೆ ಅದೇ ತಂಡದ ಅಂಕ. ಭಾರತದ ಪುರುಷರು ಒಟ್ಟು 739 ಕಿ.ಮೀ. ದಾಟಿ ಚಿನ್ನ ಗೆದ್ದರು, ಮಹಿಳೆಯರ ತಂಡ ಆಸ್ಟ್ರೇಲಿಯಾದ ಹಿಂದೆ ಬೆಳ್ಳಿ ತಂತು. ಇಲ್ಲಿ ಒಬ್ಬ ಹೀರೋ ಇದ್ರೆ ಸಾಲದು. ಬೆಳಗಿನ ಜಾವ ಮೂರು ಗಂಟೆಗೆ ಕಾಲು ಸೋತು, ನಡೆದಾದ್ರೂ ಸರಿ ಅಂತ ಸುತ್ತು ಹಾಕೋ ಮೂರನೆಯವರ ಒಂದೊಂದು ಮೀಟರೂ ಲೆಕ್ಕಕ್ಕೆ ಬರುತ್ತೆ.

ನಮ್ಮ ಸ್ಪೋರ್ಟ್ಸ್ ಡೇ ನೋಡಿ. ನೂರು ಮೀಟರ್, ರಿಲೇ, ಕ್ರಿಕೆಟ್. ಹದಿಮೂರು ಸೆಕೆಂಡಲ್ಲಿ ಓಡೋರು ಟ್ರ್ಯಾಕ್ ಮೇಲೆ, ಉಳಿದೋರೆಲ್ಲ ಗ್ಯಾಲರಿಯಲ್ಲಿ. ಪ್ಲೇಸ್‌ಮೆಂಟೂ ಅಷ್ಟೇ, ಮೊದಲ ದಿನ ಆಫರ್ ಸಿಕ್ಕವನ ಫೋಟೋ ಬ್ಯಾನರ್ ಮೇಲೆ. ಬ್ಯಾಕ್‌ಲಾಗ್ ಒಂದೊಂದೇ ಕ್ಲಿಯರ್ ಮಾಡಿ ಎದ್ದು ಬಂದವನಿಗೆ ಚಪ್ಪಾಳೆ ಇಲ್ಲ.

ಬದನವಾಳಿನ ಖಾದಿ ಕೇಂದ್ರಕ್ಕೆ ಗಾಂಧೀಜಿ 1927ರಲ್ಲಿ ಬಂದಿದ್ದರು ಅಂತ ನಮ್ಮೂರ ಕಡೆ ಎಲ್ರೂ ಹೇಳ್ತಾರೆ. ಅಲ್ಲಿ ವರ್ಷಗಟ್ಟಲೆ ರಾಟೆ ತಿರುಗಿಸಿದ ಹೆಣ್ಣುಮಕ್ಕಳ ಹೆಸರು ಹೇಳೋರು ಕಡಿಮೆ. ಬಟ್ಟೆ ಆಗಿದ್ದು ಮಾತ್ರ ಅವರ ನೂಲಿಂದ.

ಅದಕ್ಕೇ ನನ್ನ ಬೇಡಿಕೆ: ಈ ಸಲ ಕಾಲೇಜಲ್ಲಿ ಆರು ಗಂಟೆಯ ತಂಡದ ಓಟ ಇಡಿ. ಬ್ರಾಂಚಿಗೆ ಐದು ಜನ, ಐವರ ದೂರವೂ ಲೆಕ್ಕಕ್ಕೆ. ನಡೆದರೂ ಓಕೆ. ನೀರು, ನೆರಳು, ಒಬ್ಬ ಡಾಕ್ಟರ್ ಇರಲಿ. ಸುತ್ತು ಎಣಿಸೋ ಆ್ಯಪ್ ನಮ್ಮ ಹ್ಯಾಕಥಾನ್ ವೀರರೇ ಬರೀಲಿ. 'ಯಾರು ಕೂತು ನೋಡ್ತಾರೆ?' ಅಂತ ಕೇಳ್ತೀರಾ? ಯಾರೂ ನೋಡ್ಬೇಕಾಗಿಲ್ಲ, ಬಂದು ಎರಡು ಸುತ್ತು ಜೊತೆಗೆ ನಡೀರಿ ಸಾಕು.