ಒಬ್ಬನೇ ರೋಗಿ, ಬೇರೆ ಬೇರೆ ಪಾಠ

ವೈದ್ಯಕೀಯ ಕಾಲೇಜಿಗೆ ಸೇರಿದ ಯಾವುದಾದರೊಂದು ಆಸ್ಪತ್ರೆಯ ವಾರ್ಡನ್ನು ಗಮನಿಸಿ. ಬೆಳಿಗ್ಗೆ ಪ್ರಾಧ್ಯಾಪಕರ ಹಿಂದೆ ವೈದ್ಯಕೀಯ ವಿದ್ಯಾರ್ಥಿಗಳ ಸಾಲು. ಅವರು ಮುಂದೆ ಸಾಗಿದ ಮೇಲೆ ಅದೇ ಹಾಸಿಗೆಯ ಬಳಿಗೆ ನರ್ಸಿಂಗ್ ವಿದ್ಯಾರ್ಥಿನಿಯರು ಬರುತ್ತಾರೆ. ಅನಂತರ ಫಿಸಿಯೋಥೆರಪಿಯವರ ಸರದಿ. ಎಲ್ಲರೂ ಕಲಿಯುವುದು ಒಬ್ಬನೇ ರೋಗಿಯಿಂದ. ಆದರೆ ಒಬ್ಬರು ಕಂಡದ್ದು ಇನ್ನೊಬ್ಬರಿಗೆ ತಿಳಿಯುವುದಿಲ್ಲ. ವರ್ಷಗಟ್ಟಲೆ ಹೀಗೆ ಪ್ರತ್ಯೇಕವಾಗಿ ಬೆಳೆಸಿ, ಪದವಿ ದೊರೆತ ಮರುದಿನವೇ ‘ಒಂದೇ ತಂಡವಾಗಿ ದುಡಿಯಿರಿ’ ಎನ್ನುವುದು ಯಾವ ನ್ಯಾಯ?

ಇದು ಶಿಷ್ಟಾಚಾರದ ಪ್ರಶ್ನೆಯಲ್ಲ, ಪ್ರಾಣದ ಪ್ರಶ್ನೆ. ರಾತ್ರಿಯ ವೇಳೆ ರೋಗಿಯ ಉಸಿರಾಟದ ಏರುಪೇರು ಮೊದಲು ಕಾಣುವುದು ದಾದಿಗೆ. ಔಷಧಿಯ ಪ್ರಮಾಣ ಹೆಚ್ಚಾಗಿರುವುದು ಫಾರ್ಮಸಿಸ್ಟನ ಕಣ್ಣಿಗೆ ಬೀಳಬಹುದು. ಡಾಕ್ಟರಿಗೆ ಹೇಳುವುದು ಹೇಗೆಂಬ ಅಳುಕು ಅವರ ಬಾಯಿ ಕಟ್ಟಿದರೆ, ಆ ತಿಳಿವಳಿಕೆಯಿಂದ ರೋಗಿಗೇನು ಪ್ರಯೋಜನ?

ವಿಶ್ವ ಆರೋಗ್ಯ ಸಂಸ್ಥೆಯು 2008ರಲ್ಲಿ ಶಸ್ತ್ರಚಿಕಿತ್ಸೆಗಾಗಿ ತಪಾಸಣಾ ಪಟ್ಟಿಯೊಂದನ್ನು ಹೊರತಂದಿತು. ಶಸ್ತ್ರಚಿಕಿತ್ಸೆಗೆ ಕೈಹಚ್ಚುವ ಮುನ್ನ ತಂಡದ ಪ್ರತಿಯೊಬ್ಬರೂ ತಮ್ಮ ಹೆಸರು ಹಾಗೂ ಹೊಣೆಯನ್ನು ಹೇಳಬೇಕೆಂಬುದು ಅದರ ಅಂಶಗಳಲ್ಲೊಂದು. ದೆಹಲಿಯ ಸೇಂಟ್ ಸ್ಟೀಫನ್ಸ್ ಸೇರಿದಂತೆ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಅದನ್ನು ಬಳಸಿದಾಗ ಸಾವಿನ ಪ್ರಮಾಣ ಶೇ. 1.5ರಿಂದ 0.8ಕ್ಕೆ ಇಳಿದುದು 2009ರಲ್ಲಿ ವರದಿಯಾಯಿತು. ಪರಸ್ಪರ ಮಾತನಾಡುವುದೂ ಚಿಕಿತ್ಸೆಯ ಭಾಗವೆಂಬುದಕ್ಕೆ ಇನ್ನೆಂಥ ಸಾಕ್ಷಿ ಬೇಕು?

ಈ ಮಾತುಗಾರಿಕೆ ಉಪನ್ಯಾಸದಿಂದ ಬರುವುದಿಲ್ಲ. ಸ್ವೀಡನ್ನಿನ ಲಿನ್‌ಶೋಪಿಂಗ್‌ನಲ್ಲಿ 1996ರಲ್ಲೇ ಮೂಳೆ ಚಿಕಿತ್ಸೆಯ ವಾರ್ಡೊಂದನ್ನು ವಿದ್ಯಾರ್ಥಿಗಳ ತಂಡಕ್ಕೆ ಒಪ್ಪಿಸಲಾಯಿತು. ಭಾವೀ ವೈದ್ಯರು, ದಾದಿಯರು, ಫಿಸಿಯೋಥೆರಪಿಸ್ಟರು ಶಿಕ್ಷಕರ ಮೇಲ್ವಿಚಾರಣೆಯಲ್ಲಿ ಒಟ್ಟಾಗಿ ರೋಗಿಗಳನ್ನು ನೋಡಿಕೊಂಡರು. ನಮ್ಮಲ್ಲಿಯೂ 2019ರ ಎಂ.ಬಿ.ಬಿ.ಎಸ್. ಪಠ್ಯಕ್ರಮವು ವೈದ್ಯನನ್ನು ಆರೋಗ್ಯ ತಂಡದ ‘ನಾಯಕ ಹಾಗೂ ಸದಸ್ಯ’ ಎಂದು ಕರೆದಿದೆ. ವಿಷಾದವೆಂದರೆ, ನಾಯಕತ್ವವನ್ನು ನೆನಪಿಟ್ಟವರು ಸದಸ್ಯತ್ವವನ್ನು ಮರೆತಿದ್ದಾರೆ.

‘ಇದಕ್ಕೆಲ್ಲ ಸಮಯವೆಲ್ಲಿದೆ?’ ಎನ್ನುವವರುಂಟು. ಹೊಸ ಕಟ್ಟಡ ಬೇಕಿಲ್ಲ. ವಿದ್ಯಾರ್ಥಿಗಳು ಈಗಾಗಲೇ ಒಂದೇ ಆಸ್ಪತ್ರೆಯಲ್ಲಿದ್ದಾರೆ. ವೇಳಾಪಟ್ಟಿಗಳನ್ನು ಜೋಡಿಸಿ, ಎರಡು ವಾರ ಮೂವರಿಗೆ ಒಬ್ಬ ರೋಗಿಯ ಹೊಣೆ ವಹಿಸಿದರೆ ಆರಂಭವಾಯಿತು. ಇದರಿಂದ ಶಿಸ್ತು ಕೆಡುವುದೆಂಬ ಆಕ್ಷೇಪವೂ ಇದೆ. ಕೊನೆಯ ತೀರ್ಮಾನ ವೈದ್ಯನದೇ ಆಗಿರಲಿ. ಆದರೆ ಎಲ್ಲರೂ ಕಂಡದ್ದನ್ನು ಕೇಳಿದ ಬಳಿಕ ಕೈಗೊಂಡ ತೀರ್ಮಾನವಾಗಿರಲಿ. ವೈದ್ಯಕೀಯ ವಿದ್ಯಾರ್ಥಿಯ ನಡವಳಿಕೆಗೆ ನರ್ಸಿಂಗ್ ಶಿಕ್ಷಕಿಯೂ ಅಂಕ ನೀಡುವಂತಾಗಲಿ. ಅಂಕವಿಲ್ಲದ ಪಾಠವನ್ನು ನಮ್ಮಲ್ಲಿ ಯಾರು ಓದುತ್ತಾರೆ?

ಹೆತ್ತವರಿಗೂ ಇಲ್ಲಿ ಹೊಣೆಯಿದೆ. ಮಕ್ಕಳನ್ನು ಕಾಲೇಜಿಗೆ ಸೇರಿಸುವಾಗ ಶುಲ್ಕ, ಹಾಸ್ಟೆಲ್, ಉದ್ಯೋಗಾವಕಾಶ ಎಲ್ಲವನ್ನೂ ವಿಚಾರಿಸುತ್ತೇವೆ. ‘ಇಲ್ಲಿನ ವಿದ್ಯಾರ್ಥಿಗಳು ಇತರ ವಿಭಾಗದವರ ಜೊತೆ ವಾರ್ಡಿನಲ್ಲಿ ದುಡಿಯುತ್ತಾರೆಯೇ?’ ಎಂದೂ ಕೇಳೋಣ. ‘ಡಾಕ್ಟರಾಗಲು ಆಗಲಿಲ್ಲ, ಅದಕ್ಕೇ ನರ್ಸ್ ಆದಳು’ ಎಂಬ ಮಾತು ಮೊದಲು ಹುಟ್ಟುವುದು ನಮ್ಮ ಮನೆಗಳಲ್ಲೇ ಅಲ್ಲವೇ? ಆ ಮಾತನ್ನು ಕೇಳಿ ಬೆಳೆದ ಮಗ ಮುಂದೆ ವೈದ್ಯನಾದಾಗ ದಾದಿಯ ಎಚ್ಚರಿಕೆಗೆ ಕಿವಿಗೊಡುವನೆಂದು ನಿರೀಕ್ಷಿಸುವುದಾದರೂ ಹೇಗೆ?