ನೂಲಾಗದ ಗೂಡಿಗೂ ಬೆಲೆ ಬರಲಿ

ದೇವನಹಳ್ಳಿ ತಾಲ್ಲೂಕಿನ ವಿಜಯಪುರದಲ್ಲಿ ನಮ್ಮದು ರೇಷ್ಮೆ ನೂಲು ಬಿಚ್ಚುವ ಕಸುಬಿನ ಮನೆ. ಉದ್ದನೆಯ ಎಳೆ ಸರಿಯಾಗಿ ಬಾರದ ತೂತು ಬಿದ್ದ ಗೂಡು, ಜೋಡಿ ಗೂಡುಗಳನ್ನು ಸಿಕ್ಕಷ್ಟು ದುಡ್ಡಿಗೆ ಕೊಟ್ಟುಬಿಡುತ್ತೇವೆ. ಆದರೆ ಗಾಯದ ಪಟ್ಟಿಯಂಥವಕ್ಕಾಗಿ ಆಸ್ಪತ್ರೆಗೆ ಬೇಕಿರುವುದು ಉದ್ದನೆಯ ಎಳೆಯಲ್ಲ, ಎಳೆಯೊಳಗಿನ ಪ್ರೋಟೀನು.

ಗೂಡು ಕತ್ತರಿಸಿ, ಹುಳು ತೆಗೆದು, ವಾಷಿಂಗ್ ಸೋಡಾ ಹಾಕಿದ ನೀರಿನಲ್ಲಿ ಅರ್ಧ ಗಂಟೆ ಕುದಿಸಿದರೆ ಸೆರಿಸಿನ್ ಎಂಬ ಅಂಟು ಬಿಡುತ್ತದೆ. ತೂಕದಲ್ಲಿ ಹೆಚ್ಚುಕಡಿಮೆ ಕಾಲುಭಾಗ ಅದೇ. ಉಳಿಯುವುದು ಹತ್ತಿಯಂತೆ ಮೆತ್ತಗಿನ ಫೈಬ್ರೋಯಿನ್. ಅದನ್ನು ಲಿಥಿಯಂ ಬ್ರೋಮೈಡ್ ದ್ರಾವಣದಲ್ಲಿ ಕರಗಿಸಿ, ಉಪ್ಪು ಬೇರ್ಪಡಿಸಿದರೆ ತೆಳು ಹಾಳೆ, ಜೆಲ್, ಸ್ಪಂಜು ಏನು ಬೇಕಾದರೂ ಮಾಡಬಹುದು. ಸ್ಪಂಜಿನ ರಂಧ್ರಗಳಲ್ಲಿ ಜೀವಕೋಶಗಳು ನೆಲೆಯೂರಿ ಹೊಸ ಅಂಗಾಂಶ ಕಟ್ಟುತ್ತವೆ. ಸ್ಪಂಜು ದೇಹದಲ್ಲೇ ನಿಧಾನವಾಗಿ ಕರಗುತ್ತದೆ. ಇದು ಬರೀ ಪ್ರಯೋಗಾಲಯದ ಮಾತಲ್ಲ. ಬೆಂಗಳೂರಿನ ಫೈಬ್ರೋಹೀಲ್ ಕಂಪನಿ ರೇಷ್ಮೆ ಪ್ರೋಟೀನಿನಿಂದ ಗಾಯದ ಪಟ್ಟಿಗಳನ್ನು ತಯಾರಿಸುತ್ತಿದೆ.

ಇಷ್ಟಾದರೂ ಮಾರುಕಟ್ಟೆಯಲ್ಲಿ ಗೂಡಿಗೆ ಬೆಲೆ ಕಟ್ಟುವುದು ಎಷ್ಟು ನೂಲು ಬಂದೀತು ಎಂಬ ಲೆಕ್ಕದಲ್ಲೇ. ರೇಷ್ಮೆಗೆ ಬಣ್ಣ ಹಾಕುವ ಮುನ್ನ ತೆಗೆಯುವ ಸೆರಿಸಿನ್ ನೀರಂತೂ ಮೋರಿ ಪಾಲು. ವಿಮಾನ ನಿಲ್ದಾಣ ಬಂದ ಮೇಲೆ ಹಿಪ್ಪುನೇರಳೆ ತೋಟಗಳು ಲೇಔಟ್ ಆಗುತ್ತಿರುವ ನಮ್ಮ ಸೀಮೆಯಲ್ಲಿ, ಬೆಳೆಗಾರ ಉಳಿಯಬೇಕಾದರೆ ಅವನಿಗೆ ಇನ್ನೊಂದು ಗಿರಾಕಿ ಬೇಕೇ ಬೇಕು.

ವಿಜಯಪುರದ ಗೂಡಿನ ಮಾರುಕಟ್ಟೆಯಲ್ಲಿ ವೈದ್ಯಕೀಯ ಬಳಕೆಗೆಂದೇ ಬೇರೆ ಲಾಟು ತೆರೆಯಲಿ. ತಳಿ ಯಾವುದು, ಸೊಪ್ಪು ಯಾರ ತೋಟದ್ದು, ಔಷಧಿ ಯಾವಾಗ ಹೊಡೆದದ್ದು ಎಲ್ಲ ಚೀಟಿಯಲ್ಲಿರಲಿ. ಕೇಂದ್ರ ರೇಷ್ಮೆ ಮಂಡಳಿಯ ಕಚೇರಿ ಬೆಂಗಳೂರಿನಲ್ಲೇ ಇದೆ. ಈ ಗೂಡುಗಳ ಪರೀಕ್ಷೆಯ ಹೊಣೆ ಅದು ಹೊರಲಿ. ಚೀಟಿಯಿರುವ ಗೂಡಿಗೆ ಕಂಪನಿಗಳು ಹೆಚ್ಚಿನ ದರ ಕೊಡಲಿ, ಅದು ನೇರ ಬೆಳೆಗಾರರ ಖಾತೆಗೆ ಹೋಗಲಿ.